ಆಸಿಡ್ ಒಳಗೆ, ಬೂಟು ಹೊರಗೆ

ಸುದ್ದಿಮನೆಯಲ್ಲಿ ಇಡೀ ಆಯಸ್ಸು ಕಳೆದವನಿಗೆ ಗಾಬರಿಯಾಗುವ ಅಭ್ಯಾಸ ತಪ್ಪಿಹೋಗಿರುತ್ತದೆ. ರೈಲು ಹಳಿ ತಪ್ಪಲಿ, ಸರ್ಕಾರ ಬೀಳಲಿ, ನಾನು ಕೇಳುತ್ತಿದ್ದುದು ‘ಎಷ್ಟು ಸಾಲು ಬೇಕು?’ ಎಂದು ಮಾತ್ರ. ನಿವೃತ್ತನಾಗಿ ಊರಿಗೆ ಬಂದ ಮೇಲೆ ಈ ತಣ್ಣನೆಯ ಗುಣವನ್ನು ಮೆಚ್ಚಿ ಊರಿನವರು ನನ್ನನ್ನು ಹಾಲಿನ ಡೈರಿಯ ಅಧ್ಯಕ್ಷನನ್ನಾಗಿ ಮಾಡಿದರು.

ಕೆ.ಆರ್. ಪೇಟೆಯಿಂದ ಸಿಂಧಘಟ್ಟದ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತರೆ ದಾರಿಯಲ್ಲಿ ನಮ್ಮ ಡೈರಿ ಕಾಣುತ್ತದೆ. ಒಂದು ಕೋಣೆ, ಸರಳು ಹಾಕಿದ ಒಂದು ಕಿಟಕಿ, ಒಂದೇ ಬಾಗಿಲು. ಬಾಗಿಲು ಒಂದೇ ಎಂಬುದನ್ನು ಓದುಗರು ನೆನಪಿಡಬೇಕು. ಅಂದು ನಾನು ನೆನಪಿಡಲಿಲ್ಲ.

ಹಾಲಿನ ಫ್ಯಾಟು ನೋಡುವ ಯಂತ್ರ ಕೆಟ್ಟು ಕೂತಿದ್ದರಿಂದ ಹಳೆಯ ಆಸಿಡ್ ಪರೀಕ್ಷೆಗೆ ಮರಳಿದ್ದೆವು. ಗಾಜಿನ ನಳಿಕೆಗೆ ಆಸಿಡ್, ಅದರ ಮೇಲೆ ಹಾಲು, ಆಮೇಲೆ ಗಿರಗಿರ ತಿರುಗಿಸುವುದು. ಆಸಿಡ್ ಬಂದ ಮೇಲೆ ಎಚ್ಚರಿಕೆಯೂ ಬರಬೇಕಲ್ಲ? ಪಾಂಡವಪುರದಲ್ಲಿ ನಡೆದ ತರಬೇತಿಗೆ ನಾನೇ ಹೋದೆ. ಆಸಿಡ್ ಚೆಲ್ಲಿದರೆ ಮೊದಲು ಬೂಟು, ಕೈಗವಸು ಹಾಕಬೇಕು. ನೀರು ಸುರಿಯಬಾರದು. ಸುತ್ತ ಮರಳಿನ ಕಟ್ಟೆ ಕಟ್ಟಿ, ಅಂಚಿನಿಂದ ಸೋಡಾ ಉದುರಿಸಿ, ನೊರೆ ನಿಂತ ಮೇಲೆ ಬಳಿದು ತೆಗೆಯಬೇಕು. ಬರುವಾಗ ಒಂದು ಜೊತೆ ಉದ್ದನೆಯ ರಬ್ಬರ್ ಬೂಟು, ಕೈಗವಸು, ಒಂದು ಚೀಲ ಮರಳು, ಒಂದು ಡಬ್ಬ ಅಡುಗೆ ಸೋಡಾ ತಂದೆ.

ಬೂಟು ನೋಡಿದ್ದೇ ತಾಯಮ್ಮ ಬಾಗಿಲಿಗೆ ಅಡ್ಡ ನಿಂತಳು. ಸಂಬಂಧದಲ್ಲಿ ನನಗೆ ದೊಡ್ಡವ್ವ. ಡೈರಿಗೆ ಹಾಲು ಹಾಕುವವರಲ್ಲಿ ಹಿರಿಯಳು.

“ಆಲು ಅಂದ್ರೆ ಲಕ್ಸ್ಮಿ ಕಣ್ಲಾ. ಲಕ್ಸ್ಮಿ ಮುಂದೆ ಮೆಟ್ಟಾಕೊಂಡ್ ನಿಂತ್ಕತೀಯಾ?”

ನಮ್ಮ ಡೈರಿಯೊಳಗೆ ಎಲ್ಲರೂ ಬರಿಗಾಲು. ಇದು ಡೈರಿ ಹುಟ್ಟಿದಾಗಿನಿಂದ ಬಂದ ಪದ್ಧತಿ. ನಾನು ಎರಡೂ ಕಡೆಯ ವಾದ ಆಲಿಸಿ ನಿರ್ಣಯ ಬರೆದೆ: ‘ಸುರಕ್ಷತೆ ಹಾಗೂ ಸಂಪ್ರದಾಯಗಳೆರಡನ್ನೂ ಗಮನದಲ್ಲಿಟ್ಟುಕೊಂಡು, ಬೂಟುಗಳನ್ನು ಬಾಗಿಲ ಹೊರಗೆ, ಕೈಗೆಟುಕುವಂತೆ ಇಡತಕ್ಕದ್ದು.’ ಯಾರ ಕೈಗೆ ಎಂದು ಬರೆಯಲಿಲ್ಲ.

ಹೀಗಿರುವಾಗ ಪರೀಕ್ಷೆ ಮಾಡುವ ಹುದ್ದೆಯ ಚಲುವರಾಜ ಒಂದು ದಿನ ನಾಗಮಂಗಲದ ಬೀಗರೂಟಕ್ಕೆ ಹೊರಟ.

“ಅಣ್ಣ, ಆಲು ಅಳ್ದು ಲಾರಿಗೆ ಏರ್ಸ್ಬುಡಿ, ಸಾಕು. ಆಸಿಡ್ ತಂಟೆಗ್ ಓಗ್ಬೇಡಿ. ನಾ ಬಂದ್ ನೋಡ್ಕತೀನಿ.”

“ಪಾಂಡವಪುರಕ್ಕೆ ಹೋಗಿ ಬಂದವನು ನೀನೋ ನಾನೋ?” ಎಂದೆ.

ಬೆಳಗಿನ ಹಾಲೆಲ್ಲ ಬಂದು ಕ್ಯಾನು ತುಂಬಿತ್ತು. ನಮ್ಮಲ್ಲಿ ಹಾಲು ತಣ್ಣಗಿಡುವ ವ್ಯವಸ್ಥೆ ಇಲ್ಲ. ಲಾರಿ ಬರುತ್ತದೆ, ಕ್ಯಾನು ಏರಿಸಿಕೊಳ್ಳುತ್ತದೆ, ಹೋಗುತ್ತದೆ. ಅದು ತಪ್ಪಿದರೆ ಬಿಸಿಲೇರುವಷ್ಟರಲ್ಲಿ ಇಡೀ ಊರಿನ ಹಾಲು ಒಡೆಯುತ್ತದೆ. ಅದರಲ್ಲಿ ತಾಯಮ್ಮನ ಹಾಲೂ ಇತ್ತು. ಅವಳ ಹಸು ಹೊಸದಾಗಿ ಕರು ಹಾಕಿ, ಅಂದೇ ಮೊದಲ ಸಲ ಡೈರಿಗೆ ಹಾಲು ಬಂದಿತ್ತು.

“ನನ್ ಅಸೀನ್ ಫ್ಯಾಟು ಎಷ್ಟ್ ಬಂತು ಯೋಳ್ಲಾ,” ಎಂದು ಬಾಗಿಲ ಹೊರಗೆ ನಿಂತೇ ಇದ್ದಳು.

ಹಿರಿಯಳ ಆಸೆ. ಲಾರಿ ಇನ್ನೂ ಬಂದಿರಲಿಲ್ಲ. ಬಾಗಿಲ ಪಕ್ಕದ ಹಲಗೆಯ ಮೇಲಿದ್ದ ಆಸಿಡ್ ಬಾಟಲಿಯನ್ನು ಮುಚ್ಚಳ ಹಿಡಿದು ಎತ್ತಿದೆ. ಮುಚ್ಚಳ ನನ್ನ ಕೈಗೆ ಬಂತು. ಬಾಟಲಿ ಬರಲಿಲ್ಲ.

ಅದು ಹೊಸಿಲ ಬಳಿ ಬಿದ್ದು ಚೂರಾಯಿತು. ಒಳಗೆ ನಾನು, ಬರಿಗಾಲಲ್ಲಿ. ನನ್ನ ಬೆನ್ನ ಹಿಂದೆ ಊರಿನ ಹಾಲು. ಎದುರಿಗೆ ಆಸಿಡ್. ಅದರಾಚೆ ನನ್ನದೇ ನಿರ್ಣಯದ ಪ್ರಕಾರ ಬೂಟು.

ನಾನು ಗಾಬರಿಯಾಗಲಿಲ್ಲ. ಹಾಲು ಹಾಕಿ ಹೊರಗೆ ನಿಂತಿದ್ದ ನನ್ನ ಹೆಂಡತಿ ಸರೋಜಳಿಗೆ, “ಮೊದಲು ಮರಳಿನ ಚೀಲ ತಾ” ಎಂದೆ.

“ಯಾವ ಮಳ್ಳು? ಮೆಟ್ಲು ಕಿತ್ತೋಗಿತ್ತು ಅಂತ ಅದ್ನೇ ಆಕಿ ಕಟ್ಸುದ್ರಲ್ಲ. ಈಗ ಆಸಿಡ್ ಚೆಲ್ಲೈತಲ್ಲ, ಆ ಮೆಟ್ಲೇ ನಿಮ್ ಮಳ್ಳು.”

“ಸೋಡಾ?”

“ಸಭೇಲಿ ಬೋಂಡ ತಿಂದ್ರಲ್ಲ, ಚೆನ್ನಾಗ್ ಉಬ್ಬೈತೆ ಅಂತ ನೀವೇ ಎರಡ್ ಸಲ ಆಕುಸ್ಕಂಡ್ರಿ.”

ಕೈಗವಸು ಕೇಳಲಿಲ್ಲ. ಅದನ್ನು ಹಸುವಿನ ಹೆರಿಗೆ ಮಾಡಿಸಲು ತಾಯಮ್ಮನೇ ಒಯ್ದಿದ್ದಳೆಂಬುದು ನೆನಪಾಯಿತು.

ನೆಲ ಒಳಮುಖವಾಗಿ ಇಳಿಜಾರು. ಆಸಿಡ್ ಅವಸರವಿಲ್ಲದೆ ನನ್ನ ಕಡೆಗೆ ಹೊರಟಿತ್ತು.

“ಬೂಟು ಎಸಿ,” ಎಂದೆ.

“ಆಲಿರೋ ತಾವ್ಕೆ ಬೂಟ್ ಎಸ್ದೀಯೆ ಕಣೇ ಸರೋಜಿ,” ಎಂದಳು ತಾಯಮ್ಮ.

ಸರೋಜ ಕ್ಷಣ ಯೋಚಿಸಿದಳು. ಸಂಪ್ರದಾಯಕ್ಕಿಂತ ಗಂಡ ದೊಡ್ಡವನು ಎಂದು ತೀರ್ಮಾನಿಸಿ ಎಸೆದಳು. ಮದುವೆಯಾದಾಗಿನಿಂದ ಅವಳು ನನ್ನ ಪರ ನಿಂತ ಸಂದರ್ಭಗಳು ಕಡಿಮೆ. ಇದನ್ನಾದರೂ ದಾಖಲಿಸಬೇಕು. ಮೊದಲನೆಯ ಬೂಟು ನನ್ನ ಭುಜಕ್ಕೆ ಬಡಿದು ಆಸಿಡ್‌ನಲ್ಲಿ ಬಿತ್ತು. ಎರಡನೆಯದು ನನ್ನ ತಲೆಯ ಮೇಲಿಂದ ಹಾರಿ, ಮುಚ್ಚಳ ಹಾಕದೆ ಉಳಿದಿದ್ದ ಒಂದೇ ಒಂದು ಕ್ಯಾನಿನೊಳಗೆ ಬಿತ್ತು.

ಹಾಲು ಹಾಕಿ ಹೊರಗೆ ನಿಂತಿದ್ದ ಹೆಂಗಸರೆಲ್ಲ ಕತ್ತು ಚಾಚಿ ಕ್ಯಾನನ್ನು ನೋಡಿದರು. ಆಮೇಲೆ ತಾಯಮ್ಮ, “ಅದ್ರಾಗೇ ಕಣ್ಲಾ ನಾ ಆಲ್ ಉಯ್ದಿದ್ದು,” ಎಂದಳು.

ಇಲ್ಲಿ ನಾನು ತಣ್ಣಗೆ ತರ್ಕಿಸಿದೆ. ಆಸಿಡ್ ಮೇಲೆ ನೀರು ಸುರಿಯಬಾರದು. ಹಾಲು ಸುರಿಯಬಾರದು ಎಂದು ಪಾಂಡವಪುರದಲ್ಲಿ ಯಾರೂ ಹೇಳಿರಲಿಲ್ಲ. ಬೂಟು ಬಿದ್ದ ಹಾಲು ಹೇಗೂ ಕೆಟ್ಟಿತು. ಕ್ಯಾನನ್ನು ಬಗ್ಗಿಸಿದೆ.

ಹಾಲಿನಲ್ಲಿ ಬಹುಪಾಲು ನೀರೇ ಎಂಬ ಸತ್ಯ ನನಗೆ ಆಗ ಹೊಳೆಯಿತು. ಡೈರಿ ಅಧ್ಯಕ್ಷನಿಗೆ!

ಚುಯ್ ಎಂದು ಹೊಗೆ ಎದ್ದಿತು. ಬಿಸಿ ಹನಿಗಳು ನನ್ನ ಪಂಚೆಯ ತುಂಬ ಸಿಡಿದವು. ಹಾಲು ಒಡೆದು, ಹೊಸಿಲಿನ ಉದ್ದಕ್ಕೂ ಕಂದು ಬಣ್ಣದ ಗಿಣ್ಣು ತಯಾರಾಯಿತು. ನಾನು ಹಿಂದಕ್ಕೆ ಹಾರಿ ಮುಚ್ಚಿದ ಕ್ಯಾನುಗಳ ಮೇಲೆ ಏರಿ ಕೂತೆ.

“ನೋಡ್ರವ್ವ,” ಎಂದಳು ತಾಯಮ್ಮ. “ಮೆಟ್ಟು ಬ್ಯಾಡ ಅಂದುದ್ಕೆ ಲಕ್ಸ್ಮಿ ತಲೆ ಮ್ಯಾಲೇ ಕುಂತವ್ನೆ.”

ಅಷ್ಟರಲ್ಲಿ ಲಾರಿ ಬಂತು. ಡ್ರೈವರ್ ಗಟ್ಟಿಮುಟ್ಟಾದ ರಬ್ಬರ್ ಚಪ್ಪಲಿ ತೊಟ್ಟಿದ್ದ. ಆಸಿಡ್ ನೆಲದ ಅಗಲಕ್ಕೆ ಹರಡಿದ್ದರೂ ಹೊಸಿಲ ಬಲಮೂಲೆಯಲ್ಲಿ ಒಂದು ಹೆಜ್ಜೆಯಷ್ಟು ಜಾಗದಲ್ಲಿ ಆಸಿಡ್ ತಾಗದ ಹಾಲಷ್ಟೇ ಇತ್ತು. “ಅಲ್ಲಿ ಒಂದು ಕಾಲಿಟ್ಟು ಕೈ ಚಾಚು, ಒಂದೊಂದೇ ಕ್ಯಾನು ದಾಟಿಸುತ್ತೇನೆ,” ಎಂದು ಬೇಡಿದೆ.

ಅವನು ಬಗ್ಗಿ ನೋಡಿದ. ಚಪ್ಪಲಿ ಬಿಟ್ಟ. ಚೆಲ್ಲಿದ ಹಾಲಿಗೆ ಕೈ ಮುಗಿದ. ಮತ್ತೆ ಚಪ್ಪಲಿ ಮೆಟ್ಟಿಕೊಂಡ.

“ಆಸಿಡ್ ಆದ್ರೆ ದಾಟ್ಬುಡ್ತಿದ್ದೆ ಯಜಮಾನ್ರೇ. ಆಲ್ ತುಳ್ಯೋ ಪಾಪ ನಂಗ್ಯಾಕೆ? ಮುಂದಿನ್ ಊರ್ನೋರು ಕಾಯ್ತಾವ್ರೆ.”

ಲಾರಿ ಹೋಯಿತು. ಅದರ ಸದ್ದು ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರಾಕ್ಟರುಗಳ ಸದ್ದಿನಲ್ಲಿ ಸೇರಿಹೋಗುವವರೆಗೆ ಹೆಂಗಸರೆಲ್ಲ ರಸ್ತೆಯನ್ನೇ ನೋಡುತ್ತ ನಿಂತಿದ್ದರು. ಒಬ್ಬರಾದರೂ ಬೈದಿದ್ದರೆ ಚೆನ್ನಾಗಿತ್ತು.

ನನ್ನ ಫೋನಿಗೆ ಬೀಗರೂಟದ ಎಲೆ ಹಾಕುವ ಮೊದಲೇ ಹೊರಟ ಚಲುವ, ಪೇಟೆಯಿಂದ ಮರಳು, ಸೋಡಾ, ಹೊಸ ಬೂಟು ತಂದು, ಪಾಂಡವಪುರದಲ್ಲಿ ನನಗೆ ಕಲಿಸಿದ್ದನ್ನೆಲ್ಲ ನನ್ನೆದುರೇ ಮಾಡಿದ. ಅಷ್ಟರಲ್ಲಿ ಮಧ್ಯಾಹ್ನ. ಕ್ಯಾನುಗಳ ಹಾಲೆಲ್ಲ ಒಡೆದಿತ್ತು. ಎಲ್ಲರೂ ಸೇರಿ ಅದನ್ನು ತಿಪ್ಪೆಗೆ ಸುರಿದು ಬಂದೆವು. ತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಬೇರೆ ಕಡೆ ನೋಡಿದೆ.

ಸಂಜೆ ಸಭೆ ಕರೆದು, ಅದೇ ಪಂಚೆಯಲ್ಲಿ ಗಂಭೀರವಾಗಿ ಎದ್ದು ನಿಂತೆ. “ಘಟನೆಯಲ್ಲಿ ಯಾವುದೇ ಪ್ರಾಣಾಪಾಯವಾಗಲಿ, ಅಧ್ಯಕ್ಷರಿಗೆ ಯಾವುದೇ ಹಾನಿಯಾಗಲಿ—” ಎನ್ನುವಾಗ ಪರ್ ಎಂದಿತು. ಆಸಿಡ್ ಸಿಡಿದ ಹತ್ತಿ ಬಟ್ಟೆ ತಕ್ಷಣ ಹರಿಯುವುದಿಲ್ಲ. ಒಣಗುವವರೆಗೆ ಕಾಯುತ್ತದೆ. ಮೊಳಕಾಲಿನ ಕೆಳಗಿನ ಪಂಚೆ ಸಭೆಯ ಮುಂದೆ ಉದುರಿತು.

“ಕೂತ್ಕಳ್ಲಾ,” ಎಂದಳು ತಾಯಮ್ಮ, ಇಡೀ ದಿನದಲ್ಲಿ ಮೊದಲ ಬಾರಿ ನಗುತ್ತ. “ನನ್ ಅಸೀನ್ ಫ್ಯಾಟು ನಾಳೀಕ್ ನೋಡಿದ್ರಾಯ್ತು. ನೀನಲ್ಲ, ಚಲುವ.”

ಬೂಟನ್ನು ಇನ್ನು ಮುಂದೆ ಒಳಗೇ ಇಡಬೇಕೆಂದು ಸಭೆ ಒಪ್ಪಿತು. ತಾಯಮ್ಮನದು ಒಂದೇ ಷರತ್ತು: ತೊಳೆದು, ಅರಿಸಿನ ಕುಂಕುಮ ಹಚ್ಚಿ, ಲಕ್ಷ್ಮಿಯ ಪಟದ ಕೆಳಗೆ ಇಡಬೇಕು. ಹಾಗೆಯೇ ಇಟ್ಟೆವು. ಈಗ ಅದಕ್ಕೆ ದಿನವೂ ಹೂವು. ಪಕ್ಕದ ಹೊಸ ಮರಳಿನ ಚೀಲದಲ್ಲಿ ಅಗರಬತ್ತಿ ಸಿಕ್ಕಿಸುತ್ತಾರೆ. ಪೂಜೆ ಮಾಡಿದ್ದನ್ನು ಕಾಲಿಗೆ ಹಾಕಿಕೊಳ್ಳಲು ಊರಿನಲ್ಲಿ ಯಾರೂ ತಯಾರಿಲ್ಲ.

ಬೆಳಿಗ್ಗೆ ನಾನೂ ಬರಿಗಾಲಲ್ಲಿ ಹೋಗಿ ಆ ಬೂಟುಗಳಿಗೆ ಕೈ ಮುಗಿಯುತ್ತೇನೆ. ಬೇಡಿಕೊಳ್ಳುವುದು ಇಷ್ಟೇ: ಚಲುವನ ನೆಂಟರಲ್ಲಿ ಸದ್ಯಕ್ಕೆ ಇನ್ಯಾರಿಗೂ ಮದುವೆಯಾಗದಿರಲಿ.