ನಾರ್ವೆಯ ಮೀನಿಗೆ ಔರಾದಿನ ಉಪಚಾರ

ನಾರ್ವೆಯ ಸಮುದ್ರದಲ್ಲಿ ಮೀನು ಸಾಕುವ ಕಂಪನಿಯೊಂದು ಮೇವು ಹಾಕಲು ಪರದೇಶದವರನ್ನು ಹುಡುಕುತ್ತಿದೆ ಎಂದು ತಿಳಿದಾಗ, ಆ ನೌಕರಿ ನನ್ನದೇ ಎಂದು ತೀರ್ಮಾನಿಸಿಬಿಟ್ಟೆ. ಮೀನುಗಾರಿಕೆಯ ಡಿಪ್ಲೊಮಾ ಇದೆ. ಭಾಲ್ಕಿ ಕಡೆಯ ಕೃಷಿ ಹೊಂಡಗಳ ಮೀನಿಗೆ ಐದು ವರ್ಷ ತೌಡು, ಹಿಂಡಿ ಸುರಿದಿದ್ದೇನೆ. ಸಮುದ್ರ ನೋಡಿಲ್ಲ, ನಿಜ. ಆದರೆ ಔರಾದಿನಿಂದ ಭಾಲ್ಕಿಗೆ ದಿನಾ ಬಸ್ಸಿನಲ್ಲಿ ನಿಂತೇ ಹೋಗಿಬಂದವನಿಗೆ ಅಲೆ ಯಾವ ಲೆಕ್ಕ!

ಅರ್ಜಿ ಪಾಸಾಯಿತು. ವಿಡಿಯೊ ಪರೀಕ್ಷೆಯೊಂದೇ ಬಾಕಿ. ಅಷ್ಟಕ್ಕೇ ಬೀದರಿಗೆ ಹೋಗಿ ಎರಡು ಸ್ವೆಟರ್ ಕೊಂಡು, ಓಣಿಗೆಲ್ಲ ಪೇಡೆ ಹಂಚಿದೆ.

"ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಸಬ್ಯಾಡ್ರಿ," ಎಂದಳು ಹೆಂಡತಿ ಸುಮಂಗಲಾ.

ಪರೀಕ್ಷೆಯ ದಿನ, ಮೇ ತಿಂಗಳ ಬಿಸಿಲಿನಲ್ಲಿ, ಸ್ವೆಟರ್ ತೊಟ್ಟೇ ಲ್ಯಾಪ್‌ಟಾಪ್ ಮುಂದೆ ಕುಳಿತೆ. ನಾರ್ವೆಯ ಮೇಡಂ ಇಂಗ್ಲಿಷಿನಲ್ಲಿ ವಿವರಿಸಿದರು. ಪರದೆಯಲ್ಲಿ ಕಾಣುವುದು ಕಂಪ್ಯೂಟರ್ ಮೀನು. ಬಟನ್ ಒತ್ತಿದರೆ ಮೇವು ಬೀಳುತ್ತದೆ. ಮೀನಿನ ಹೊಟ್ಟೆ ತುಂಬಿದ ಕೂಡಲೇ ನಿಲ್ಲಿಸಬೇಕು. ಇಷ್ಟೇನಾ!

ಒತ್ತಿದೆ. ಮೀನುಗಳು ಮುಗಿಬಿದ್ದು ತಿಂದವು. ನೋಡಿ ಜೀವ ತಂಪಾಯಿತು. ಸ್ವಲ್ಪ ಹೊತ್ತಿಗೆ ಅವು ಹಿಂದೆ ಸರಿದವು. ಮೇವಿನ ಕಾಳು ತಿನ್ನುವವರಿಲ್ಲದೆ ತಳಕ್ಕೆ ಇಳಿಯತೊಡಗಿತು.

ಬಾಗಿಲ ಮರೆಯಿಂದ ಸುಮಂಗಲಾ ಪಿಸುಗುಟ್ಟಿದಳು, "ಸಾಕಂತಾವರಿ. ಬಂದ್ ಮಾಡ್ರಿ."

"ಸುಮ್ಕಿರು. ಸಂಕೋಚ ಮಾಡ್ಲಾಕತ್ತಾವ. ಬೀಗರು ಸಾಕಂದ್ರ ನಾವು ಬಿಡ್ತೇವೇನು?"

"ಅವು ಬೀಗರಲ್ಲರಿ, ಮೀನ!"

ಕೈ ಕೇಳಬೇಕಲ್ಲ! ಉಣ್ಣುವವರು ತಾಟಿಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ ಸುರಿಯುವ ವಂಶ ನಮ್ಮದು. ಮತ್ತೆ ಒತ್ತಿದೆ. ಇನ್ನೊಮ್ಮೆ ಒತ್ತಿದೆ. ಮೂಲೆಯಲ್ಲಿ ಬಡಕಲು ಮೀನೊಂದು ಕಂಡಿತು, ಪಾಪ, ಅದಕ್ಕಾಗಿ ಇನ್ನೊಂದು ಸುತ್ತು. ಪರದೆ ಕೆಂಪಾಯಿತು. ಮೇವಿನ ನಡುವೆ ಮೀನೇ ಕಾಣದಾಯಿತು!

"ಯಾಕೆ ನಿಲ್ಲಿಸಲಿಲ್ಲ?" ಮೇಡಂ ಕೇಳಿದರು.

"ಊಟಕ್ಕೆ ಕುಳಿತವರನ್ನು ಒಂದೇ ಸಲ ಕೇಳಿ ಸುಮ್ಮನಾದರೆ ನಮ್ಮೂರಲ್ಲಿ ಮನೆತನದ ಹೆಸರು ಕೆಡುತ್ತದೆ, ಮೇಡಂ."

ಅವರು ಬಹಳ ಹೊತ್ತು ನಕ್ಕರು. ನೌಕರಿ ಮಾತ್ರ ಕೊಡಲಿಲ್ಲ.

ನನಗೆ ನಿಜಕ್ಕೂ ಬೇಸರವಾಯಿತು. ಸಮುದ್ರ ನೋಡುವ ಆಸೆ ಬಹಳ ಇತ್ತು. ಮುಖ ಸಣ್ಣದು ಮಾಡಿಕೊಂಡು ಮಧ್ಯಾಹ್ನದ ಊಟಕ್ಕೆ ಕುಳಿತೆ. ಸುಮಂಗಲಾ ನನಗಿಷ್ಟವಾದ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಎರಡು ಜೋಳದ ರೊಟ್ಟಿ ಮುಗಿದವು. ಮೂರನೆಯದನ್ನು ತಂದಳು. ದುಃಖದಲ್ಲಿರುವ ಮನುಷ್ಯ ಗಬಗಬ ತಿಂದರೆ ಚಂದವೇ? ಬಿಗುಮಾನದಿಂದ "ಸಾಕು" ಎಂದೆ.

"ಹೌದಾ? ಆಯ್ತ್ ಬಿಡ್ರಿ," ಎಂದವಳೇ ರೊಟ್ಟಿ ಬುಟ್ಟಿ ಮುಚ್ಚಿ ಒಳಗೆ ಒಯ್ದಳು.

ನಾರ್ವೆಗೆ ಹೋಗಬೇಕಾದವಳು ಅವಳೇ. ನನಗಿನ್ನೂ ಎರಡು ರೊಟ್ಟಿಯ ಹಸಿವಿತ್ತು!