ಸೀರೆಯ ಮಡಿಕೆಯಲ್ಲಿ ಸಿಕ್ಕ ಕಾಯದೆ

ಗಜೇಂದ್ರಗಡದ ಮಗ್ಗದ ಮಾಲೀಕರಲ್ಲಿ ಕಾಯದೆ ಬಲ್ಲವನು ನಾನೊಬ್ಬನೇ ಎಂಬುದು ಆಗ ಎಲ್ಲರೂ ಒಪ್ಪಿದ ಮಾತು. ಎಲ್ಲರಿಗಿಂತ ಮೊದಲು ಒಪ್ಪಿದವನು ನಾನೇ! ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಕೂಲಿಕಾರರ ಕಾಯದೆಗಳು ಮೇಲಿಂದ ಮೇಲೆ ಬದಲಾಗುತ್ತಿದ್ದವು. ಬದಲಾದದ್ದನ್ನು ಕನ್ನಡದಲ್ಲಿ ಅಚ್ಚು ಹಾಕಿದ ಹಾಳೆಗಳು ರೋಣದ ಬಸ್ಸಿನಲ್ಲಿ ಟಪಾಲಿನೊಡನೆ ನನಗೆ ಬರುತ್ತಿದ್ದವು. ಬಂದ ಕೂಡಲೇ ಮೂಲೆಯಲ್ಲಿ ‘ಓದಿದೆ, ತಿಳಿಯಿತು’ ಎಂದು ಬರೆದು ಠೀವಿಯಿಂದ ಸಹಿ ಹಾಕುತ್ತಿದ್ದೆ. ಓದುವುದನ್ನು ಮಾತ್ರ ಪುರುಸೊತ್ತಿಗೆ ಇಟ್ಟುಕೊಳ್ಳುತ್ತಿದ್ದೆ. ಆ ಪುರುಸೊತ್ತು ಬರಲೇ ಇಲ್ಲ.

ನನ್ನ ಶೆಡ್ಡಿನಲ್ಲಿ ಹದಿನೈದು ವರ್ಷದಿಂದ ನೇಯುತ್ತಿದ್ದ ಪರಪ್ಪ ಒಂದು ದಿನ ಬಂದು, ಮಗಳ ಮದುವೆಗೆ ಎಂಟು ದಿನ ಕೂಲಿ ಸಮೇತ ರಜೆ ಬೇಕೆಂದು ಕೇಳಿದ. ಮಗ್ಗ ನಿಂತರೆ ಅವನ ಮನೆಯ ಒಲೆಯೂ ನಿಲ್ಲುತ್ತದೆ. ಬೀಗರು ಬಂದಾಗ ಹಾಗಾಗಬಾರದು ಎಂಬುದು ಅವನ ಸಂಕಟ. ನಾನು ಕನ್ನಡಕ ಏರಿಸಿಕೊಂಡು ತೀರ್ಪು ಕೊಟ್ಟೆ.

“ಪರಪ್ಪಾ, ನನ್ನ ಮನಸ್ನ್ಯಾಗ ಐತಿ. ಕಾಯ್ದೆದಾಗ ಇಲ್ಲ.”

“ಓದಿದಾವ್ರು ನೀವು. ನೀವು ಹೇಳಿದ ಮ್ಯಾಲೆ ಮುಗೀತ್ರಿ,” ಎಂದು ಅವನು ಮಗ್ಗಕ್ಕೆ ಹೋದ.

ಉಳಿದ ಮಾಲೀಕರನ್ನೂ ಕರೆಸಿ, ಯಾರೂ ಕೂಲಿ ಸಮೇತ ರಜೆ ಕೊಡತಕ್ಕದ್ದಲ್ಲ ಎಂದು ತಿಳಿಸಿದೆ. ಆದರೂ ಪರಪ್ಪನ ಮುಖ ಕಣ್ಣ ಮುಂದಿನಿಂದ ಹೋಗಲಿಲ್ಲ. ಮದುವೆಗೆ ಒಂದು ಚಲೋ ಸೀರೆ ಕೊಡೋಣವೆಂದು ಹೆಂಡತಿ ಗಂಗವ್ವನಿಗೆ ಆರಿಸಲು ಹೇಳಿದೆ. ನನ್ನ ಔದಾರ್ಯಕ್ಕೆ ನನಗೇ ಕಣ್ಣು ತುಂಬಿ ಬಂತು!

ಮದುವೆ ಪರಪ್ಪನ ಊರಾದ ರಾಜೂರಿನಲ್ಲಿ. ಮಾಲೀಕರೆಲ್ಲ ಹಂದರದಲ್ಲಿ ಮುಂದೆಯೇ ಕುಳಿತಿದ್ದೆವು. ಎಲ್ಲರಿಗೂ ಕಾಣುವಂತೆ ಎದ್ದು ಸೀರೆ ಕೊಟ್ಟೆ. ಆದರೆ ನೇಕಾರರ ಮದುವೆಯಲ್ಲಿ ಸೀರೆಯನ್ನು ಮಡಿಕೆಯಲ್ಲೇ ಇಟ್ಟು ಹೊಗಳುವ ಪದ್ಧತಿಯಿಲ್ಲ. ಬಿಚ್ಚಿ, ಸೆರಗಿನ ಮೇಲೆ ಬೆರಳಾಡಿಸಿ ನೋಡಬೇಕು. ಬಿಚ್ಚಿದರು. ಒಂದು ಹಾಳೆ ಜಾರಿ ಬಿತ್ತು.

ವರನ ಸೋದರಮಾವ ಸಾಲಿ ಮಾಸ್ತರ. ಕಾಗದ ಕಂಡರೆ ಗಟ್ಟಿಯಾಗಿ ಓದುವುದು ಅವರ ರೂಢಿ. ಇಷ್ಟು ದಿನ ದುಡಿದವನಿಗೆ ವರ್ಷಕ್ಕೊಮ್ಮೆ ಕೂಲಿ ಸಮೇತ ರಜೆ ಕೊಡಲೇಬೇಕು ಎಂಬುದನ್ನು ಪೂರ್ತಿ ಓದಿದರು. ಆಮೇಲೆ ಮೂಲೆಯನ್ನೂ ಓದಿದರು. “ಓದಿದೆ, ತಿಳಿಯಿತು.” ಕೆಳಗೆ ನನ್ನ ಹೆಸರು!

ಹೆಂಗಸರ ನಡುವೆ ಕೂತಿದ್ದ ಗಂಗವ್ವನನ್ನು ನೋಡಿದೆ.

“ಮಡಿಕಿ ಮುರೀಬಾರದಂತ ಗಟ್ಟಿ ಹಾಳಿ ಇಟ್ಟೇನ್ರಿ,” ಎಂದಳು ಶಾಂತವಾಗಿ. “ಸಹಿ ಮಾಡಿದ್ರಿ, ಓದಿ ಮುಗದಾವು ಅಂತ ತಿಳಕೊಂಡೆ.”

ಮಾರುವ ಸೀರೆಗಳಿಗೂ ಎರಡು ವರ್ಷದಿಂದ ಹಾಗೇ ಮಾಡುತ್ತಿದ್ದಳಂತೆ. ಅಂದರೆ ಎರಡು ವರ್ಷದ ಕಾಯದೆಯೆಲ್ಲ ರೋಣ, ನರಗುಂದದ ಹೆಂಗಸರ ಪೆಟ್ಟಿಗೆ ಸೇರಿತ್ತು! ಮಾಲೀಕರೆಲ್ಲ ನನ್ನ ಕಡೆ ತಿರುಗಿದರು. ಅವರ ನೇಕಾರರು ಅವರ ಕಡೆ ತಿರುಗಿದರು. ನನಗೆ ತಿರುಗಲು ಜಾಗವಿರಲಿಲ್ಲ.

ಅಷ್ಟರಲ್ಲಿ ಪರಪ್ಪ ಕೈಮುಗಿದುಕೊಂಡು ಬಂದ.

“ಬಾಯಿಲೆ ಹೇಳಾಕ ಸಂಕೋಚ ಆಗಿ ಸೀರ್ಯಾಗ ಇಟ್ಟ ಕೊಟ್ರಿ. ದೊಡ್ಡ ಮನಸ್ರಿ ನಿಮ್ದು.”

ಅಣಕಿಸಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವನು ಖರೇ ನಂಬಿದ್ದ. ನಾಚಿಕೆಯಿಂದ ಕುಗ್ಗಿಹೋದೆ. ಹೌದೆನ್ನಲೂ ಆಗದೆ, ಅಲ್ಲವೆನ್ನಲೂ ಆಗದೆ ಅಲ್ಲೇ ಕೂಲಿ ಸಮೇತ ಎಂಟು ದಿನದ ರಜೆ ಸಾರಿದೆ. ಉಳಿದ ಮಾಲೀಕರೂ ನನ್ನನ್ನು ದುರುಗುಟ್ಟಿ ನೋಡುತ್ತ ತಮ್ಮ ನೇಕಾರರಿಗೂ ರಜೆ ಕೊಡಲು ಒಪ್ಪಿಕೊಂಡರು.

ಆಮೇಲಿನಿಂದ ಟಪಾಲು ಬಂದರೆ ಗಂಗವ್ವ ಅದನ್ನು ನೇರವಾಗಿ ಪರಪ್ಪನ ಕೈಗೇ ಕೊಡತೊಡಗಿದಳು. ಅವನು ಮಗ್ಗ ನಿಲ್ಲಿಸಿ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾನೆ. ನಾನು ಎದುರಿಗೆ ಕೂತು ಕೇಳುತ್ತೇನೆ. ಮುಗಿದ ಮೇಲೆ ಮೂಲೆಯಲ್ಲಿ ‘ಮಾಲೀಕರಿಗೆ ತಿಳಿಯಿತು’ ಎಂದು ಅವನೇ ಬರೆದು ಸಹಿ ಹಾಕುತ್ತಾನೆ.