ಬಾಗಿಲ ಮೇಲಿನ ಕಿರೀಟ

ಅರಸರು ಆ ರಾತ್ರಿ ಊರಲ್ಲಿ ತಂಗುವವರಿದ್ದರು. ಪರಿವಾರದ ಯಾರು ಯಾವ ಮನೆಯಲ್ಲಿ ಇಳಿಯಬೇಕೆಂದು ಬಿಡಾರದ ಅಧಿಕಾರಿ ಬಾಗಿಲುಗಳಿಗೆ ಸೀಮೆಸುಣ್ಣದ ಗುರುತು ಹಾಕುತ್ತ ಬಂದ. ಪೀಪಾಯಿ ಮಾಡುವ ಗೊಂತ್ರಾನನ ಬಾಗಿಲನ್ನು ಮಾತ್ರ ಬಿಟ್ಟು ಹೋದ. ಅಜ್ಜನ ಕಾಲದಿಂದ ಅರಮನೆಯ ದ್ರಾಕ್ಷಾರಸಕ್ಕೆ ಪೀಪಾಯಿ ಕಟ್ಟಿಕೊಟ್ಟ ಮನೆತನಕ್ಕೆ ಇಂಥ ಅವಮಾನ!

ಎದುರು ಮನೆಯ ರೊಟ್ಟಿಯಂಗಡಿ ಬೋದ್ವಾನ್ ತನ್ನ ಬಾಗಿಲಿಗೆ ಒರಗಿ ನಿಂತು ಬೀಗಿದ. "ನೋಡಪ್ಪಾ, ಮೇಲೆ ಕಿರೀಟ, ಕೆಳಗೆ ಅರ್ಧಚಂದ್ರ. ಯಾರೋ ರಾಜಕುಮಾರರೇ ಇರ್ಬೇಕು. ನಿಮ್ಮನೇಲಿ ಯಾರು?"

ಗೊಂತ್ರಾನನಿಗೆ ಮೈಯೆಲ್ಲ ಉರಿಯಿತು. ಬೋದ್ವಾನ್ ಒಳಹೋದದ್ದೇ ತಡ, ಒಂದು ಸುಣ್ಣದ ತುಂಡು ಹುಡುಕಿ, ಅದೇ ಗುರುತನ್ನು ತನ್ನ ಬಾಗಿಲ ಮೇಲೆ ಎರಡರಷ್ಟು ದೊಡ್ಡದಾಗಿ ಬರೆದ. ಹೆಂಡತಿ ಒದೀಲ್ ಚಳಿಗಾಲಕ್ಕೆಂದು ಉಪ್ಪು ಹಚ್ಚಿ ತೂಗುಹಾಕಿದ್ದ ಹಂದಿ ತೊಡೆಯನ್ನು ಇಳಿಸಿ, ಮದುವೆಯ ಹಾಸಿಗೆಗೆ ಹೊಸ ಹೊದಿಕೆ ಹಾಸಿದಳು.

ಮಧ್ಯಾಹ್ನ ರೊಟ್ಟಿಗೆ ಬಂದ ಅರಮನೆಯ ಅಡುಗೆಯವನು ಎರಡೂ ಬಾಗಿಲು ನೋಡಿ ನಕ್ಕ. "ಚಂದ್ರ ಅಲ್ಲ ಕಣ್ರಯ್ಯಾ, ಬೇಟೆ ಕೊಂಬು ಅದು. ನಾಯಿಗಳ ಬಿಡಾರ!"

ಗೊಂತ್ರಾನ್ ಒದ್ದೆ ಬಟ್ಟೆ ಹಿಡಿದು ಓಡಿದ. ಬೋದ್ವಾನ್ ಅಡ್ಡ ಬಂದು ಕೈ ಹಿಡಿದ.

"ಅರಸರ ಗುರುತು ಅಳಿಸಿದ್ರೆ ಕೈ ಕಡೀತಾರೆ, ಗೊತ್ತಿಲ್ವಾ? ಎದುರು ಮನೆಯೋನು ಅಂತ ಹೇಳ್ತಿದೀನಿ!"

"ನಾನೇ ಬರೆದಿದ್ದು ಕಣೋ!"

"ಹಾಗಂತ ಹೇಳಿದ್ರೆ ಇನ್ನೊಂದು ಕೈನೂ ಹೋಗುತ್ತೆ."

ಸಂಜೆ ಬೇಟೆನಾಯಿಗಳ ದಂಡು ಬಂತು. ನಾಯಿ ನೋಡಿಕೊಳ್ಳುವವನು ಎರಡು ಬಾಗಿಲನ್ನೂ ಅಳೆದು ನೋಡಿ, "ದೊಡ್ಡ ಗುರುತು ಇರೋ ಮನೆಗೇ ನಡೀರಿ," ಎಂದ. ಹಂದಿ ತೊಡೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಾಯ. ಒಂದು ಮುದಿ ಹೆಣ್ಣುನಾಯಿ ನೇರವಾಗಿ ಮದುವೆಯ ಹಾಸಿಗೆ ಏರಿ ಮಲಗಿತು.

"ರೀ, ಇಳಿಸ್ರೀ ಅದನ್ನ!" ಒದೀಲ್ ಅತ್ತೇಬಿಟ್ಟಳು.

ಅಷ್ಟರಲ್ಲಿ ಬೀದಿಯೆಲ್ಲ ಮೊಣಕಾಲೂರಿತು. ಸಾಕ್ಷಾತ್ ಅರಸರೇ ಒಳಗೆ ಬಂದರು! ಹಾಸಿಗೆಯ ಅಂಚಿನಲ್ಲಿ ಕೂತು ಮುದಿ ನಾಯಿಯ ತಲೆ ಸವರಿದರು. ಗೊಂತ್ರಾನ್ ಟೊಪ್ಪಿಗೆ ತೆಗೆದು ಎದೆಗೊತ್ತಿಕೊಂಡ. ಅಜ್ಜ ಇದನ್ನು ನೋಡಲು ಇರಬೇಕಿತ್ತು.

"ವಾರದಿಂದ ಎಲ್ಲೂ ಕಣ್ಣು ಮುಚ್ಚಿರಲಿಲ್ಲ ಇವಳು," ಅರಸರು ಮೆಲ್ಲಗೆ ಹೇಳಿದರು. "ಒಳ್ಳೇ ಮನೆ. ಈ ದಾರೀಲಿ ಬಂದಾಗಲೆಲ್ಲ ನಮ್ಮ ನಾಯಿಗಳು ಇಲ್ಲೇ ಇಳೀಲಿ. ಸುಣ್ಣ ಮಳೆಗೆ ಹೋಗುತ್ತೆ, ಕಬ್ಬಿಣ ಕಾಯಿಸಿ ಒತ್ತಿಬಿಡಿ."

ಬೆಳಿಗ್ಗೆ ನಾಯಿದಂಡು ಹೊರಟಿತು. ಬಾಗಿಲ ಮೇಲೆ ಸುಟ್ಟ ಕಿರೀಟ ಇನ್ನೂ ಹೊಗೆಯಾಡುತ್ತಿತ್ತು. ಬೋದ್ವಾನ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ಬಂದ.

"ಏನಪ್ಪಾ, ನಿದ್ದೆ ಬಂತಾ?"

ಗೊಂತ್ರಾನ್ ಚಿಗಟ ಕಚ್ಚಿದ ಬೆನ್ನು ಕೆರೆದುಕೊಳ್ಳುತ್ತಲೇ ಎದೆ ಸೆಟೆಸಿ ನಿಂತ.

"ಅರಸರು ನಮ್ಮನೆ ಹಾಸಿಗೆ ಮೇಲೆ ಕೂತಿದ್ರು ಕಣೋ. ನಿಮ್ಮನೇಲಿ ಯಾರು?"